ಶಾಲೆಯ ಸುದ್ದಿ ಮನೆ ಮುಟ್ಟುವ ಹಾಗೆ: ಹಳ್ಳಿಯ ಪ್ರಾಥಮಿಕ ಶಾಲೆಗೆ ಒಂದು ಸಮಗ್ರ ಮಾರ್ಗದರ್ಶಿ

ಶಾಲೆಗಳ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಜಾಸ್ತಿ ಕಾಣುವುದು ಹಾರ ಹಾಕಿಸಿಕೊಂಡ ಅತಿಥಿಗಳ ಫೋಟೋ, ಮೇಲಿನ ಆಫೀಸಿನಿಂದ ಬಂದ ಸುತ್ತೋಲೆಯ ಪಿಡಿಎಫ್, ಜೊತೆಗೆ ಒಂದಷ್ಟು ಶುಭೋದಯ. ಮನೆಯವರಿಗೆ ಬೇಕಾಗಿರುವುದು ಬೇರೆ. ಮಗು ಊಟ ಮಾಡಿತಾ? ಓದುವುದಕ್ಕೆ ಬರುತ್ತಿದೆಯಾ? ಸ್ಕಾಲರ್‌ಶಿಪ್‌ಗೆ ಯಾವ ಕಾಗದ, ಯಾವತ್ತಿನೊಳಗೆ? ನಾಳೆ ಶಾಲೆ ಇದೆಯಾ, ಇಲ್ವಾ?

ಈ ನಾಲ್ಕು ಪ್ರಶ್ನೆಗಳಿಗೆ ಅವರು ಕೇಳುವ ಮೊದಲೇ ಉತ್ತರ ತಲುಪಿಸುವುದು ಹೇಗೆ ಎನ್ನುವುದಷ್ಟೇ ಇಲ್ಲಿನ ವಿಷಯ. ಮಂಡ್ಯ ಜಿಲ್ಲೆಯ ಹಳ್ಳಿ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮೈಸೂರು ಕಡೆಯವರಿಗೂ ಹೆಚ್ಚು ಬದಲಾಯಿಸಬೇಕಾಗಿಲ್ಲ. ಮುಖ್ಯ ಶಿಕ್ಷಕರು, ತರಗತಿಯ ಮೇಷ್ಟ್ರು, ಮಿಸ್ಸುಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಯಾರು ಬೇಕಾದರೂ ಶುರು ಮಾಡಬಹುದು. ಸುದ್ದಿ ಕಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮನೆಯಲ್ಲಿ ಒಬ್ಬರಾದರೂ ಅದನ್ನು ನೋಡಿ, ಏನು ಮಾಡಬೇಕೋ ಅದನ್ನು ಮಾಡಿದಾಗಲೇ ಮುಗಿದದ್ದು.

ಹೆಜ್ಜೆ 1: ಮನೆಗಳ ಪಟ್ಟಿ ಮಾಡಿ

ದಾಖಲಾತಿ ಸಮಯದಲ್ಲಿ ಬರೆದುಕೊಂಡ ಫೋನ್ ನಂಬರ್ ನೆಚ್ಚಿಕೊಳ್ಳಬೇಡಿ. ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆ ಎಸ್‌ಎಟಿಎಸ್‌ನಲ್ಲಿ ಇರುವುದು ಎಷ್ಟೋ ಸಲ ಮಗು ಒಂದನೇ ತರಗತಿಗೆ ಸೇರಿದಾಗಿನ ನಂಬರ್. ಆಮೇಲೆ ಸಿಮ್ ಬದಲಾಗಿರುತ್ತದೆ, ಇಲ್ಲವೇ ಆ ಫೋನು ಅಪ್ಪನ ಜೊತೆ ಬೆಂಗಳೂರಿನಲ್ಲಿರುತ್ತದೆ. ಜೂನ್ ಮೊದಲ ಎರಡು ವಾರದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಮಗುವಿನ ಮನೆಗೂ ಒಂದು ಸಾಲು ಬರೆಯಿರಿ. ನಂಬರ್ ಯಾರದು? ಆ ಫೋನು ಹಗಲು ಎಲ್ಲಿರುತ್ತದೆ? ಸ್ಮಾರ್ಟ್‌ಫೋನಾ, ಬಟನ್ ಫೋನಾ? ಮನೆಯಲ್ಲಿ ಕನ್ನಡ ಓದುವವರು ಯಾರು? ಎಷ್ಟು ಹೊತ್ತಿಗೆ ಸಿಗುತ್ತಾರೆ? ಫೋನ್ ಹತ್ತದಿದ್ದರೆ ಪಕ್ಕದ ಮನೆಯ ಯಾರಿಗೆ ಹೇಳಬೇಕು? ಮಗುವನ್ನು ಕರೆದುಕೊಂಡು ಹೋಗಲು ಯಾರು ಬರಬಹುದು?

ಈ ಪಟ್ಟಿ ಮಾಡುವಾಗಲೇ ಊರಿನ ಚಿತ್ರ ಸಿಗುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಬೆಳಿಗ್ಗೆಯೇ ವ್ಯಾನ್ ಹತ್ತಿರುತ್ತಾರೆ, ಕತ್ತಲಾದ ಮೇಲೆ ಬರುತ್ತಾರೆ. ಅಂಥ ಮನೆಯಲ್ಲಿ ಶಾಲೆಗೆ ಬಂದು ಹೋಗುವವರು ಅಜ್ಜಿ. ಅಜ್ಜಿಗೆ ಓದಲು ಬರದೆ ಇರಬಹುದು, ಆದರೆ ಕಿವಿಯ ಮೇಲೆ ಬಿದ್ದದ್ದನ್ನು ಮರೆಯುವವರಲ್ಲ. ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಬಂದವರು, ಆಲೆಮನೆ ಕೆಲಸಕ್ಕೆ ಉತ್ತರದ ಕಡೆಯಿಂದ ಬಂದವರು ಇದ್ದರೆ ಅವರಿಗೆ ಬೇರೆ ಪುಟ ಇಡಿ. ಅವರು ಮುಂದಿನ ಊರಿಗೆ ಯಾವಾಗ ಹೋಗುತ್ತಾರೆ ಎಂದೂ ಕೇಳಿ. ಹೇಳದೆ ಹೊರಟುಹೋದರೆ ಮಗುವಿನ ಓದು ಅಲ್ಲಿಗೇ ನಿಲ್ಲುವುದು ಜಾಸ್ತಿ.

ಪಟ್ಟಿಯನ್ನು ಬೀರುವಿನಲ್ಲಿಡಿ. ಫೋಟೋ ತೆಗೆದು ಯಾರಿಗೂ ಕಳಿಸಬೇಡಿ. ದಸರಾ ರಜೆ ಮುಗಿದ ಮೇಲೆ ಇನ್ನೊಂದು ಸಲ ನಂಬರುಗಳನ್ನು ಸರಿನೋಡಿ.

ಹೆಜ್ಜೆ 2: ಸುದ್ದಿಯನ್ನು ಬೇರ್ಪಡಿಸಿ

ಎಲ್ಲವನ್ನೂ ಒಂದೇ ಗ್ರೂಪಿಗೆ ಸುರಿದರೆ ಮುಖ್ಯವಾದದ್ದು ಮುಳುಗಿಹೋಗುತ್ತದೆ. ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಓದಿದವರು ಏನು ಮಾಡಬೇಕು?

ತಕ್ಷಣ ಮಾಡಬೇಕಾದದ್ದು ತುರ್ತಿನದು. ಮಳೆಗೆ ರಜೆ, ಮಗುವಿಗೆ ಜ್ವರ ಬಂದದ್ದು, ಬಸ್ಸು ಬಾರದ್ದು. ಇದಕ್ಕೆ ಫೋನ್ ಕರೆ, ಇಲ್ಲವೇ ಗ್ರೂಪಿನಲ್ಲಿ ಒಂದೇ ಸಾಲು. ಒಂದೆರಡು ವಾರದೊಳಗೆ ಮಾಡಬೇಕಾದದ್ದು ಕಾಗದಪತ್ರದ್ದು. ಅದಕ್ಕೆ ಗ್ರೂಪಿನ ಜೊತೆಗೆ ಚೀಟಿಯೂ ಬೇಕು, ನೆನಪೋಲೆಯೂ ಬೇಕು. ಏನೂ ಮಾಡಬೇಕಾಗಿಲ್ಲ, ಸುಮ್ನೆ ತಿಳಿದುಕೊಂಡರೆ ಸಾಕು ಎನ್ನುವುದನ್ನು ತಿಂಗಳ ಪತ್ರಕ್ಕೆ ಎತ್ತಿಡಿ. ಅದರ ವಿಷಯ ಮುಂದೆ ಹೇಳುತ್ತೇನೆ.

ರಜೆಯ ಬಗ್ಗೆ ಒಂದು ಎಚ್ಚರ. ಜೋರು ಮಳೆ ಬಂತೆಂದರೆ ಹಳೆಯ ವರ್ಷದ ಆದೇಶ, ಬೇರೆ ಜಿಲ್ಲೆಯ ಆದೇಶ, ಯಾರೋ ತಿದ್ದಿದ ಆದೇಶ ಎಲ್ಲವೂ ಫೋನಿನಿಂದ ಫೋನಿಗೆ ಓಡಾಡುತ್ತವೆ. ಮಳೆಯ ರಜೆ ಘೋಷಿಸುವುದು ಜಿಲ್ಲಾಧಿಕಾರಿಗಳು. ಜಿಲ್ಲೆಯ ಹೆಸರು ಮತ್ತು ತಾರೀಖು ನೋಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಅಥವಾ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕಡೆಯಿಂದ ಖಾತ್ರಿ ಮಾಡಿಕೊಂಡು ಆಮೇಲೆ ಕಳಿಸಿ. ಐದು ನಿಮಿಷ ತಡವಾದರೂ ಪರವಾಗಿಲ್ಲ.

ನಿಯಮಗಳೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ಸರ್ಕಾರ ಹೇಳಿತ್ತು. 2025–26ನೇ ಸಾಲಿಗೆ ಮಾತ್ರ ಅದನ್ನು ಷರತ್ತಿನ ಮೇಲೆ 5 ವರ್ಷ 5 ತಿಂಗಳಿಗೆ ಇಳಿಸಿತು. ಆ ವರ್ಷದ ಮೆಸೇಜನ್ನು ಯಾರಾದರೂ ಮುಂದೆ ಇನ್ಯಾವತ್ತೋ ಫಾರ್ವರ್ಡ್ ಮಾಡಿದರೆ ಎಷ್ಟು ಗೊಂದಲ, ಅಲ್ವಾ? ಅದಕ್ಕೇ ಪ್ರತಿ ಸೂಚನೆಯ ಒಳಗೇ ಶಾಲೆಯ ಹೆಸರು, ತಾರೀಖು, ಯಾವ ಸಾಲಿಗೆ ಎನ್ನುವುದು ಇರಲಿ.

ಹೆಜ್ಜೆ 3: ಸೂಚನೆ ಬರೆಯುವ ರೀತಿ

ಸುತ್ತೋಲೆ ನಮಗೆ ಬಂದದ್ದು, ಮನೆಯವರಿಗಲ್ಲ. ‘ಮಾನ್ಯ ಉಪನಿರ್ದೇಶಕರ ಆದೇಶದನ್ವಯ ಅರ್ಹ ವಿದ್ಯಾರ್ಥಿಗಳು ನಿಗದಿತ ಅವಧಿಯೊಳಗೆ ಅಗತ್ಯ ದಾಖಲೆಗಳನ್ನು ಸಲ್ಲಿಸತಕ್ಕದ್ದು’ ಎಂದು ಕಳಿಸಿದರೆ ಯಾವ ಮಗು, ಯಾವ ದಾಖಲೆ, ಯಾವತ್ತು ಎನ್ನುವುದು ಯಾರಿಗೂ ತಿಳಿಯುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು:

‘ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಲು ನಿಮ್ಮ ಮಗುವಿನ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಈಗಾಗಲೇ ಇದ್ದರೆ ಅದರಲ್ಲಿರುವ ಆರ್‌ಡಿ ನಂಬರ್ ಬರೆದು ಕಳಿಸಿದರೆ ಸಾಕು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಶುಕ್ರವಾರ, 18ನೇ ತಾರೀಖಿನೊಳಗೆ ತರಗತಿಯ ಮಿಸ್ ಕೈಗೆ ಕೊಡಿ. ಆಗದಿದ್ದರೆ ಫೋನ್ ಮಾಡಿ, ಬೇರೆ ದಾರಿ ನೋಡೋಣ.’

ಇದರಲ್ಲಿ ಏನೇನಿದೆ ಗಮನಿಸಿ. ಯಾತಕ್ಕೆ, ಏನು, ಎಲ್ಲಿ ಸಿಗುತ್ತದೆ, ಯಾವತ್ತು, ಯಾರಿಗೆ ಕೊಡಬೇಕು, ಆಗದಿದ್ದರೆ ಏನು. ವಾರವನ್ನೂ ತಾರೀಖನ್ನೂ ಎರಡೂ ಬರೆಯಿರಿ. ‘ಬರುವ ವಾರ’, ‘ಶೀಘ್ರದಲ್ಲೇ’, ‘ಕಡ್ಡಾಯವಾಗಿ’ ಎನ್ನುವ ಮಾತುಗಳಿಂದ ಯಾವ ಕೆಲಸವೂ ಆಗುವುದಿಲ್ಲ. ಒಂದು ಮೆಸೇಜಿಗೆ ಒಂದೇ ವಿಷಯ ಇಡಿ. ಸ್ಕಾಲರ್‌ಶಿಪ್ಪು, ಕ್ರೀಡಾಕೂಟ, ಶೂ ಅಳತೆ ಮೂರನ್ನೂ ಒಂದರಲ್ಲೇ ತುರುಕಿದರೆ ಓದುವವರು ಮೊದಲನೆಯದಕ್ಕೇ ನಿಲ್ಲಿಸುತ್ತಾರೆ.

ಹಣ ಖಾತೆಗೆ ಬರಲಿಲ್ಲ ಎನ್ನುವ ದೂರಿಗೆ ಬಹಳ ಸಲ ಕಾರಣ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಇರುವುದು. ‘ಬ್ಯಾಂಕಿಗೆ ಹೋಗಿ’ ಎಂದಷ್ಟೇ ಹೇಳಿದರೆ ಅವರು ಹೋಗಿ ಸಾಲಿನಲ್ಲಿ ನಿಂತು, ಏನು ಕೇಳಬೇಕೆಂದು ತಿಳಿಯದೆ ವಾಪಸ್ ಬರುತ್ತಾರೆ. ಒಂದು ದಿನದ ಕೂಲಿಯೂ ಹೋಯಿತು. ‘ಪಾಸ್‌ಬುಕ್, ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆದುಕೊಂಡು ಹೋಗಿ. ಸ್ಕಾಲರ್‌ಶಿಪ್ ಹಣ ಬರಬೇಕು, ಈ ಖಾತೆಗೆ ಆಧಾರ್ ಸೀಡಿಂಗ್ ಮಾಡಿಕೊಡಿ ಎಂದು ಕೇಳಿ’ ಎಂದು ಬರೆಯಿರಿ. ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಕೌಂಟರಿನಲ್ಲಿ ತೋರಿಸಿದರೆ ಆಯಿತು.

ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಮೊಬೈಲಿಗೆ ಹಾಕಿದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಮೊಬೈಲಿನಲ್ಲಿ ಮಾತಾಡಿದರೆ ಕನ್ನಡ ಅಕ್ಷರವಾಗಿ ಮೂಡಿಸುವ ಕೀಬೋರ್ಡ್ ಈಗ ಎಲ್ಲರ ಹತ್ತಿರವೂ ಇದೆ. ಬಳಸಿ, ಆದರೆ ಕಳಿಸುವ ಮೊದಲು ಒಮ್ಮೆ ಓದಿ.

ಓದಲು ಬಾರದವರಿಗೆ ವಾಯ್ಸ್ ಮೆಸೇಜ್. ಬರೆದ ಸೂಚನೆಯನ್ನೇ ಮಾತಿನಲ್ಲಿ, ಒಂದು ನಿಮಿಷದೊಳಗೆ ಹೇಳಿ. ತಾರೀಖನ್ನು ಎರಡು ಸಲ ಹೇಳಿ. ಉರ್ದು ಅಥವಾ ಹಿಂದಿ ಮಾತಾಡುವ ಮನೆಗಳಿದ್ದರೆ ಆ ಭಾಷೆ ಬಲ್ಲ ಒಬ್ಬ ತಾಯಿಯಿಂದಲೇ ಹೇಳಿಸಿ ಕಳಿಸಬಹುದು. ನಾವು ಹೇಳಿದ್ದಕ್ಕಿಂತ ಅದಕ್ಕೆ ಬೆಲೆ ಹೆಚ್ಚು.

ಹೆಜ್ಜೆ 4: ಗ್ರೂಪು ಕಟ್ಟುವುದು

ನಲವತ್ತು, ಐವತ್ತು ಮಕ್ಕಳ ಶಾಲೆಯಾದರೆ ಒಂದೇ ಗ್ರೂಪ್ ಸಾಕು. ದೊಡ್ಡ ಶಾಲೆಗೆ ತರಗತಿಗೊಂದು. ಹೆಸರಿನಲ್ಲಿ ಶಾಲೆ, ತರಗತಿ, ಸಾಲು ಇರಲಿ. ಗ್ರೂಪ್ ಸೆಟ್ಟಿಂಗಿನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸುವಂತೆ ಮಾಡಿ. ಇದೇನು, ಪೋಷಕರ ಬಾಯಿ ಮುಚ್ಚಿಸುವುದಾ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಚುನಾವಣೆ ಹತ್ತಿರ ಬಂದಾಗ ನೋಡಿ, ತೆರೆದಿಟ್ಟ ಗ್ರೂಪಿನಲ್ಲಿ ಶಾಲೆಯ ಸುದ್ದಿ ಹುಡುಕುವುದೇ ಕಷ್ಟವಾಗುತ್ತದೆ. ಮಾತಾಡುವುದಕ್ಕೆ ಬೇರೆ ದಾರಿ ಕೊಡಬೇಕು, ಅದು 8ನೇ ಹೆಜ್ಜೆಯಲ್ಲಿದೆ.

ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಕೆಲವು ಹೆಣ್ಣುಮಕ್ಕಳು ಇದೇ ಕಾರಣಕ್ಕೆ ಸೇರುವುದಿಲ್ಲ. ಅವರ ಮಾತಿನಲ್ಲಿ ನ್ಯಾಯವಿದೆ. ಅಂಥವರಿಗೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಲಿಸ್ಟಿಗೆ 256 ಜನರವರೆಗೆ ಸೇರಿಸಬಹುದು, ಯಾರಿಗೂ ಇನ್ನೊಬ್ಬರ ನಂಬರ್ ಕಾಣುವುದಿಲ್ಲ. ಆದರೆ ಅವರು ಶಾಲೆಯ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಮೆಸೇಜ್ ಹೋಗುವುದಿಲ್ಲ. ಅವರು ಶಾಲೆಗೆ ಬಂದಾಗ ನೀವೇ ಎದುರಿಗೆ ಸೇವ್ ಮಾಡಿಸಿ.

ಕಳಿಸುವ ಹೊತ್ತು ಸಂಜೆ ಏಳರಿಂದ ಎಂಟೂವರೆ. ರಾತ್ರಿ ಒಂಬತ್ತಾದ ಮೇಲೆ ತುರ್ತು ಬಿಟ್ಟು ಏನೂ ಬೇಡ. ಟಿಸಿ ತೆಗೆದುಕೊಂಡು ಹೋದ ಮಗುವಿನ ಮನೆಯವರನ್ನು ಅವತ್ತೇ ಗ್ರೂಪಿನಿಂದ ತೆಗೆಯಿರಿ.

ಹೆಜ್ಜೆ 5: ಫೋನಿಲ್ಲದ ಮನೆಗೆ

ನಮ್ಮ ಕಡೆ ಊರಿನವರೆಲ್ಲ ದಿನಕ್ಕೆರಡು ಸಲ ಒಂದು ಕಡೆ ಸೇರುತ್ತಾರೆ. ಹಾಲಿನ ಡೈರಿ. ಮಂಡ್ಯದಲ್ಲಿ ಮನ್‌ಮುಲ್, ಮೈಸೂರಿನಲ್ಲಿ ಮೈಮುಲ್‌ಗೆ ಹಾಲು ಹಾಕುವ ಸಂಘ ಹಳ್ಳಿ ಹಳ್ಳಿಯಲ್ಲೂ ಇದೆ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರಿಗೆ ಗೋಡೆ ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಶಾಲೆಯ ಗೇಟಿಗೆ ಅಂಟಿಸಿದ ನೋಟೀಸಿಗಿಂತ ಡೈರಿ ಗೋಡೆಯದ್ದನ್ನು ಜಾಸ್ತಿ ಜನ ಓದುತ್ತಾರೆ. ಕಾರ್ಯದರ್ಶಿಯವರನ್ನು ಕೇಳಿ ಒಂದು ಮೂಲೆ ಗುರುತು ಮಾಡಿಕೊಳ್ಳಿ. ದಪ್ಪ ಅಕ್ಷರದಲ್ಲಿ ಬರೆಯಿರಿ, ಹಳೆಯದನ್ನು ಕಿತ್ತು ಹೊಸದು ಅಂಟಿಸಿ. ನ್ಯಾಯಬೆಲೆ ಅಂಗಡಿಯಲ್ಲಿ ರೇಷನ್ ಕೊಡುವ ದಿನಗಳೂ ಹೀಗೆಯೇ ಉಪಯೋಗಕ್ಕೆ ಬರುತ್ತವೆ.

ಹೆಂಗಸರಿಗೆ ತಲುಪಬೇಕಾದದ್ದು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ, ಅಂಗನವಾಡಿಯಲ್ಲಿ. ಆಶಾ ಕಾರ್ಯಕರ್ತೆಯರು ಮನೆಮನೆಗೂ ಹೋಗುವವರು, ಆದರೆ ಅವರ ತಲೆಗೆ ಈಗಲೇ ಬೇಕಾದಷ್ಟು ಕೆಲಸವಿದೆ, ಪದೇಪದೇ ಕೇಳಬೇಡಿ. ದೇವಸ್ಥಾನದ ಮೈಕು ದಾಖಲಾತಿ ಆಂದೋಲನಕ್ಕೆ, ದೊಡ್ಡ ಸಭೆಗೆ ಮಾತ್ರ ಸಾಕು.

ಎಲ್ಲಕ್ಕಿಂತ ನಂಬಬಹುದಾದ ಟಪಾಲು ಮಗುವೇ. ಚೀಟಿಯನ್ನು ಕೈಗೆ ಕೊಟ್ಟರೆ ದಾರಿಯಲ್ಲೇ ದೋಣಿಯಾಗುತ್ತದೆ. ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ಸಹಿಗೆ ಜಾಗ ಬಿಡಿ. ಮಾರನೆ ದಿನ ಪ್ರಾರ್ಥನೆ ಮುಗಿದ ಮೇಲೆ ನೋಡಿ. ಸಹಿ ಬಾರದ ಮಕ್ಕಳ ಹೆಸರನ್ನು ಕರೆದು ಬೈಯುವುದು ಬೇಡ. ಅವರ ಮನೆಗೆ ಬೇರೆ ದಾರಿಯಲ್ಲಿ ಹೇಳಬೇಕು ಎಂದಷ್ಟೇ ಅದರ ಅರ್ಥ.

ಹೆಜ್ಜೆ 6: ತಿಂಗಳಿಗೊಂದು ಪತ್ರ

ಎ4 ಹಾಳೆಯ ಒಂದೇ ಮಗ್ಗುಲು. ಜೆರಾಕ್ಸ್ ಖರ್ಚೂ ಅಷ್ಟಕ್ಕಷ್ಟೆ. ನನ್ನ ಪ್ರಕಾರ ಇದರಲ್ಲಿ ಅರ್ಧ ಜಾಗ ಕಲಿಕೆಗೇ ಮೀಸಲಿರಬೇಕು. ಸರ್ಕಾರಿ ಶಾಲೆ ಬಿಟ್ಟು ಕಾನ್ವೆಂಟಿಗೆ ಹೋಗುವ ಮನೆಗಳವರು ಹೇಳುವುದು ಒಂದೇ ಮಾತು: ‘ಅಲ್ಲಿ ಏನು ಕಲಿಸ್ತಾರೋ ಗೊತ್ತೇ ಆಗಲ್ಲ.’ ಗೊತ್ತಾಗುವ ಹಾಗೆ ನಾವು ಹೇಳಿಯೇ ಇಲ್ಲ.

ಮುಖ್ಯವಾಗಿ ನಲಿ-ಕಲಿ ತರಗತಿಗಳ ವಿಷಯ. ಈ ಪದ್ಧತಿ 1995ರಲ್ಲಿ ಶುರುವಾದದ್ದು ಇಲ್ಲೇ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಆದರೂ ಮನೆಯವರಿಗೆ ಇದು ಇನ್ನೂ ಒಗಟು. ಮಕ್ಕಳು ಸಾಲಾಗಿ ಕೂತಿಲ್ಲ, ಗುಂಪುಗುಂಪಾಗಿ ನೆಲದ ಮೇಲೆ ಕಾರ್ಡ್ ಹಿಡಿದು ಕೂತಿದ್ದಾರೆ. ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೇ ಇದ್ದಾರೆ. ‘ಎಷ್ಟನೇ ಪಾಠ ಆಯಿತು?’ ಎಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಪತ್ರದಲ್ಲಿ ಇದನ್ನು ಬಿಡಿಸಿ ಹೇಳಿ: ಪ್ರತಿ ಮಗುವೂ ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಹತ್ತುತ್ತದೆ, ರಜೆ ಹಾಕಿದ ಮಗು ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ, ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಅದು ಕಾಣುತ್ತದೆ. ಬಂದು ನೋಡಿ ಎಂದೂ ಬರೆಯಿರಿ.

ಪ್ರತಿ ತರಗತಿಗೂ ಎರಡು ಸಾಲು ಸಾಕು. ಒಂದು, ಈ ತಿಂಗಳು ಏನು ಕಲಿತರು. ಎರಡು, ಮನೆಯಲ್ಲಿ ಏನು ಕೇಳಬೇಕು. ‘ಮೂರನೇ ತರಗತಿ: ದಶಕ ಸಾಲ ತಂದು ಕಳೆಯುವ ಲೆಕ್ಕ ಕಲಿತರು. ಡೈರಿ ಚೀಟಿ ತೋರಿಸಿ, ನಿನ್ನೆಗಿಂತ ಇವತ್ತು ಎಷ್ಟು ಹಾಲು ಕಮ್ಮಿಯಾಯಿತು ಎಂದು ಕೇಳಿ.’ ‘ಎರಡನೇ ತರಗತಿ: ಒತ್ತಕ್ಷರ ಶುರುವಾಗಿದೆ. ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ಓದಿಸಿ.’ ‘ಐದನೇ ತರಗತಿ: ದಶಮಾಂಶ. ಕರೆಂಟ್ ಬಿಲ್ ಕೈಗೆ ಕೊಡಿ.’ ಹೀಗೆ ಬರೆದರೆ ಓದು ಬಾರದ ತಾಯಿಗೂ ಮಗುವಿನ ಜೊತೆ ಮಾಡಲು ಒಂದು ಕೆಲಸ ಸಿಗುತ್ತದೆ. ಇದನ್ನು ಬರೆಯುವುದು ಸುಲಭವಲ್ಲ, ಮೇಷ್ಟ್ರುಗಳು ಮೊದಲಿಗೆ ‘ಘಟಕ 4 ಮುಗಿದಿದೆ’ ಎಂದು ಬರೆದುಕೊಡುತ್ತಾರೆ. ವಾಪಸ್ ಕೊಟ್ಟು ಮತ್ತೆ ಬರೆಸಿ.

ಉಳಿದ ಜಾಗದಲ್ಲಿ ಮುಂದಿನ ತಿಂಗಳ ತಾರೀಖುಗಳು: ಪರೀಕ್ಷೆ, ರಜೆ, ಪ್ರತಿಭಾ ಕಾರಂಜಿ, ಸಭೆ. ಊರಿನ ಹಬ್ಬವನ್ನೂ ಸೇರಿಸಿ. ಮೇಲುಕೋಟೆ ವೈರಮುಡಿ, ಊರ ಮಾರಮ್ಮನ ಹಬ್ಬ, ಸುತ್ತೂರು ಜಾತ್ರೆ, ನಂಜನಗೂಡು ತೇರು ಬಂದಾಗ ಹಾಜರಿ ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಪತ್ರದಲ್ಲೇ ‘ಜಾತ್ರೆಗೆ ಒಂದು ದಿನ ಹೋಗಿಬನ್ನಿ, ಬುಧವಾರದ ಕಿರುಪರೀಕ್ಷೆಗೆ ಮಗು ಇರಲಿ’ ಎಂದು ಬರೆಯುವುದು ಆಮೇಲೆ ಕೂಗಾಡುವುದಕ್ಕಿಂತ ಮೇಲು.

ಆರು, ಏಳನೇ ತರಗತಿಯಿರುವ ಶಾಲೆಯಾದರೆ ಒಂದು ಮೂಲೆಯನ್ನು ಮಕ್ಕಳಿಗೆ ಬಿಡಿ. ಅವರ ಅಕ್ಷರದಲ್ಲೇ ಜೆರಾಕ್ಸ್ ಆಗಲಿ. ತಿದ್ದಿ ತೀಡಿ ನುಣುಪು ಮಾಡಬೇಡಿ.

ಹೆಜ್ಜೆ 7: ಊಟ ಮತ್ತು ಆರೋಗ್ಯದ ಸುದ್ದಿ

ಜಾಸ್ತಿ ಗಾಳಿಮಾತು ಹುಟ್ಟುವುದು ಇಲ್ಲಿ. ಅದಕ್ಕೇ ಇದಕ್ಕೆ ಬೇರೆ ಹೆಜ್ಜೆ.

ಕ್ಷೀರ ಭಾಗ್ಯ ಶುರುವಾದದ್ದು 2013ರ ಆಗಸ್ಟ್ 1ರಂದು. ಹಾಲಿನ ಪುಡಿಯಿಂದ ಮಾಡಿದ 150 ಮಿಲಿ ಬಿಸಿ ಹಾಲು. 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನಕ್ಕೆ ಏರಿತು. ಯಾವ ದಿನ ಏನು ಎನ್ನುವ ಪಟ್ಟಿಯನ್ನು ಗೋಡೆಗೂ ಹಾಕಿ, ಗ್ರೂಪಿಗೂ ಹಾಕಿ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ಮೊದಲು ಕೊಡುತ್ತಿದ್ದ ಕಡಲೆಮಿಠಾಯಿಯನ್ನು 2025ರಲ್ಲಿ ನಿಲ್ಲಿಸಿದರು. ಮೊಟ್ಟೆಯೋ ಬಾಳೆಹಣ್ಣೋ ಎಂದು ಮನೆಯವರನ್ನೇ ವರ್ಷದ ಮೊದಲಲ್ಲಿ ಚೀಟಿಯ ಮೂಲಕ ಕೇಳಿ, ಸಹಿ ಪಡೆದಿಡಿ. ಗ್ರೂಪಿನಲ್ಲಿ ಕೇಳಬೇಡಿ. ಯಾರ ಮನೆಯಲ್ಲಿ ಏನು ತಿನ್ನುತ್ತಾರೆ ಎನ್ನುವುದು ಊರಿನ ಚರ್ಚೆಯಾಗುವುದು ಬೇಡ.

ಜಂತುಹುಳು ಮಾತ್ರೆಯ ದಿನಗಳು ಫೆಬ್ರವರಿ 10 ಮತ್ತು ಆಗಸ್ಟ್ 10. ಎರಡು ದಿನ ಮುಂಚೆ ತಿಳಿಸಿ: ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ, ಚೀಪಿ ಜಗಿದು ನುಂಗಬೇಕು, ಜ್ವರ ಇರುವ ಮಗುವಿಗೆ ಅವತ್ತು ಕೊಡುವುದಿಲ್ಲ. ಹೊಟ್ಟೆಯಲ್ಲಿ ಹುಳ ಜಾಸ್ತಿ ಇದ್ದರೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು, ಬೇಗ ಹೋಗುತ್ತದೆ. ಕಬ್ಬಿಣಾಂಶದ ಮಾತ್ರೆ ಕೊಡುವಾಗ ಮಲ ಕಪ್ಪಗಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿಬಿಡಿ. ಈ ಒಂದು ಸಾಲು ಹೇಳದೆ ಇದ್ದರೆ ಮಾರನೆ ದಿನ ಗೇಟಿನ ಮುಂದೆ ಜನ ನಿಂತಿರುತ್ತಾರೆ. 5 ವರ್ಷಕ್ಕೆ ಡಿಪಿಟಿ ಬೂಸ್ಟರ್, 10 ವರ್ಷಕ್ಕೆ ಟಿಡಿ ಚುಚ್ಚುಮದ್ದು ಇವೆ. ತಾಯಿ ಕಾರ್ಡ್ ತರಲು ನೆನಪಿಸಿ.

ಮಗುವಿಗೆ ಪೆಟ್ಟಾದರೆ, ಹುಷಾರಿಲ್ಲದಿದ್ದರೆ ಫೋನ್ ಕರೆ ಒಂದೇ ದಾರಿ. ಮೊದಲ ಮಾತಿನಲ್ಲೇ ಮಗು ಹೇಗಿದೆ ಎಂದು ಹೇಳಿ. ‘ಅಮ್ಮ, ಸ್ಕೂಲಿಂದ ಮಿಸ್ ಮಾತಾಡ್ತಿರೋದು. ಮಗು ಚೆನ್ನಾಗಿದ್ದಾನೆ, ಗಾಬರಿ ಆಗ್ಬೇಡಿ. ಆಟ ಆಡೋವಾಗ ಮಂಡಿ ತರಚಿದೆ, ತೊಳೆದು ಔಷಧಿ ಹಾಕಿದ್ದೀವಿ. ನೀವು ಬರ್ತೀರಾ, ಅಜ್ಜಿ ಬರ್ತಾರಾ?’ ಸುತ್ತಿಬಳಸಿ ಶುರು ಮಾಡಿದರೆ ಆ ಕಡೆಯವರ ಎದೆ ಒಡೆದುಹೋಗುತ್ತದೆ.

ಗ್ರೂಪಿಗೆ ಹಾಕಲೇಬಾರದ್ದು

ಅಂಕಪಟ್ಟಿ, ಗೈರುಹಾಜರಾದವರ ಹೆಸರು, ಜಾತಿವಾರು ಸ್ಕಾಲರ್‌ಶಿಪ್ ಪಟ್ಟಿ, ಆಧಾರ್ ಪ್ರತಿ, ಶುಲ್ಕ ಅಥವಾ ದೇಣಿಗೆ ಬಾಕಿ. ಮಗುವಿನ ಫೋಟೋ ಹಾಕಲು ಮನೆಯವರ ಒಪ್ಪಿಗೆ ದಾಖಲಾತಿಯ ದಿನವೇ ಬರೆಸಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ಮಗುವಿನ ಮೇಲೆ ದೌರ್ಜನ್ಯದ ಅನುಮಾನವಿದ್ದರೆ ಗ್ರೂಪು, ಸಭೆ ಯಾವುದೂ ಅಲ್ಲ, ಮಕ್ಕಳ ಸಹಾಯವಾಣಿ 1098. ಆ ನಂಬರ್ ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲಿರಲಿ.

ಹೆಜ್ಜೆ 8: ಮನೆಯಿಂದ ಶಾಲೆಗೆ ಸುದ್ದಿ ಬರುವ ದಾರಿ

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧ ಜನ ಹೆಂಗಸರು. ನಮ್ಮಲ್ಲಿ ಅದು ಎಸ್‌ಡಿಎಂಸಿ. ಸಹಿ ಹಾಕಿಸಲು ಪುಸ್ತಕ ಮನೆಗೆ ಕಳಿಸುವ ಅಭ್ಯಾಸ ಇದ್ದರೆ ಬಿಡಿ. ಪ್ರತಿ ಸದಸ್ಯೆಗೂ ಒಂದೊಂದು ಬೀದಿ ಹಂಚಿ. ಆ ಬೀದಿಯ ಮನೆಗಳ ಮಾತನ್ನು ಅವರು ಸಭೆಗೆ ತರಲಿ.

ಸಭೆಯ ದಿನ ಆರಿಸುವಾಗ ಪಂಚಾಂಗಕ್ಕಿಂತ ನಾಲೆಯನ್ನು ನೋಡಿ. ಕೆಆರ್‌ಎಸ್ ನೀರು ಬಿಟ್ಟು ನಾಟಿ ಶುರುವಾದರೆ ಯಾರೂ ಬರುವುದಿಲ್ಲ. ಸಂತೆ ದಿನ ಬೇಡ. ಸೋಮವಾರ ಆರು ಕಟ್ಟದ (ಎತ್ತಿಗೆ ನೇಗಿಲು ಹೂಡದ) ಪದ್ಧತಿ ಇನ್ನೂ ಉಳಿದಿರುವ ಊರುಗಳಲ್ಲಿ ಅವತ್ತು ಗಂಡಸರು ಸಿಗುತ್ತಾರೆ. ಗಾರ್ಮೆಂಟ್ಸ್ ತಾಯಂದಿರಿಗಾಗಿ ವರ್ಷಕ್ಕೆ ಒಂದೆರಡು ಸಭೆಯನ್ನಾದರೂ ಭಾನುವಾರ ಇಡಿ. ಪೋಷಕರಿಗೆ ಮಕ್ಕಳ ಕಲಿಕೆ ತೋರಿಸುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದಲ್ಲಿ ಭಾಷಣ ಕಡಿಮೆ ಮಾಡಿ, ಪ್ರತಿ ಮನೆಯವರಿಗೂ ಮಗುವಿನ ನೋಟ್‌ಬುಕ್ ಮುಂದಿಟ್ಟುಕೊಂಡು ಐದು ನಿಮಿಷ ಕೊಡಿ.

ಉಳಿದ ದಿನಗಳಿಗೆ ಒಂದು ಹೊತ್ತು ಗೊತ್ತು ಮಾಡಿ, ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಫೋನ್ ಎತ್ತಲೇಬೇಕು. ಬಂದ ದೂರನ್ನು ಪುಸ್ತಕದಲ್ಲಿ ಬರೆದು, ಏನು ಮಾಡಿದಿರಿ ಎಂದು ಮುಂದಿನ ತಿಂಗಳ ಪತ್ರದಲ್ಲಿ ಹೆಸರಿಲ್ಲದೆ ಹೇಳಿ. ‘ಕುಡಿಯುವ ನೀರಿನ ನಲ್ಲಿ ಸೋರುತ್ತಿದೆ ಎಂದು ಹೇಳಿದಿರಿ. ಪಂಚಾಯಿತಿಗೆ ಬರೆದಿದ್ದೇವೆ, ಇನ್ನೂ ಆಗಿಲ್ಲ.’ ಆಗದಿದ್ದದ್ದನ್ನೂ ಹಾಕಿ.

ಹೆಜ್ಜೆ 9: ವರ್ಗಾವಣೆ ಆದಾಗ

ಎಲ್ಲವೂ ಒಬ್ಬ ಮೇಷ್ಟ್ರ ಸ್ವಂತ ಫೋನಿನಲ್ಲಿದ್ದರೆ ಅವರು ವರ್ಗವಾದ ದಿನ ಶಾಲೆಯೇ ಮೂಕವಾಗುತ್ತದೆ. ಶಾಲೆಗೆಂದೇ ಒಂದು ಸಿಮ್ ತೆಗೆದುಕೊಳ್ಳಿ. ಖರ್ಚಿಗೆ ಎಸ್‌ಡಿಎಂಸಿ ಸಭೆಯಲ್ಲಿ ಒಪ್ಪಿಗೆ ಪಡೆಯಿರಿ. ಗ್ರೂಪಿಗೆ ಯಾವಾಗಲೂ ಇಬ್ಬರು ಅಡ್ಮಿನ್‌ಗಳಿರಲಿ. ಮನೆಗಳ ಪಟ್ಟಿ, ದೂರಿನ ಪುಸ್ತಕ, ಒಪ್ಪಿಗೆ ಚೀಟಿಗಳು, ಹಳೆಯ ಪತ್ರಗಳ ಒಂದೊಂದು ಪ್ರತಿ, ಸಿಮ್ಮಿನ ಪಿನ್ ಇವನ್ನು ಚಾರ್ಜ್ ಕೊಡುವ ಪಟ್ಟಿಯಲ್ಲಿ ಸೇರಿಸಿ, ಸಹಿ ಹಾಕಿಸಿಕೊಂಡು ಹಸ್ತಾಂತರ ಮಾಡಿ. ಶಾಲೆಯ ನಂಬರನ್ನು ಕಾಂಪೌಂಡ್ ಗೋಡೆಯ ಮೇಲೆ ಬಣ್ಣದಲ್ಲೇ ಬರೆಸಿ, ಪಕ್ಕದಲ್ಲಿ ಫೋನ್ ಎತ್ತುವ ಹೊತ್ತನ್ನೂ ಬರೆಸಿ.